ಡಾಮರಿಗೂ ಬೇಕು ರಾಳ-ಸೋಡ!

ತೊಟ್ಟೆ, ತೆಂಗಿನ ನಾರು, ಅಡಿಕೆ ಸಿಪ್ಪೆ, ಕಿತ್ತು ಬಿಸಾಡಿದ ಹಳೆ ಡಾಮರು. ಇವೆಲ್ಲ ರಸ್ತೆಗೆ ಆಗುತ್ತವೆ ಅಂದರೆ ನಂಬುತ್ತೀರಾ? ನಮ್ಮ ಮಳೆಗೆ ಹಳ್ಳಿ ರಸ್ತೆ ಯಾಕೆ ಬಾಳುವುದಿಲ್ಲ, ಏನು ಸೇರಿಸಿದರೆ ಬಾಳೀತು, ಕೆಲಸಕ್ಕೆ ಮೊದಲು ನಾವು ಏನು ಕೇಳಬೇಕು ಎಂಬುದರ ಬಗ್ಗೆ ಒಬ್ಬ ಕೃಷಿಕನ ಟಿಪ್ಪಣಿ.

ಮಾಣಿ ಪೇಟೆಯಿಂದ ನಮ್ಮ ಮನೆಗೆ ಮೂರು ಕಿಲೋಮೀಟರ್. ಕೊನೆಯ ಒಂದು ಕಿಲೋಮೀಟರ್ ನಾವು ಏಳೆಂಟು ಮನೆಯವರು ಜಾಗ ಬಿಟ್ಟುಕೊಟ್ಟು ಮಾಡಿಸಿಕೊಂಡ ರಸ್ತೆ. ಹತ್ತಾರು ಅರ್ಜಿ ಕೊಟ್ಟು, ವರ್ಷಗಟ್ಟಲೆ ಕಾದ ಮೇಲೆ ಅದಕ್ಕೆ ಡಾಮರು ಬಿತ್ತು. ಏಪ್ರಿಲ್ ಕೊನೆಗೆ ಕೆಲಸ ಮುಗಿಯಿತು. ಮಕ್ಕಳು ಸೈಕಲ್ ಬಿಟ್ಟು ಸಂಭ್ರಮಿಸಿದರು.

ಆಟಿ ಕಳೆಯುವಾಗ ತಿರುವಿನಲ್ಲಿ ಮೊದಲ ಹೊಂಡ. ಸೋಣದಲ್ಲಿ ಲೆಕ್ಕ ಮಾಡಿದೆ, ಹನ್ನೊಂದಿತ್ತು. ಒಂದು ಬೆಳಿಗ್ಗೆ ಸೊಸೈಟಿಗೆ ಹಾಲು ಕೊಂಡುಹೋಗುವಾಗ ಬೈಕಿನ ಮುಂದಿನ ಚಕ್ರ ನೀರು ತುಂಬಿದ ಹೊಂಡಕ್ಕೆ ಇಳಿಯಿತು. ಹಾಲು ಚೆಲ್ಲಿತು, ಮೊಣಕಾಲು ಒಡೆಯಿತು. ಹಾಲಿನ ನಷ್ಟ ಒಂದು ದಿನದ್ದು. ಆದರೆ ಅಡಿಕೆ ಕೊಂಡುಹೋಗುವ ಪಿಕಪ್ಪಿನವ “ನಿಮ್ಮಲ್ಲಿಗೆ ಬರಬೇಕಾದರೆ ಬಾಡಿಗೆ ಜಾಸ್ತಿ ಆಗ್ತದೆ” ಅಂದನಲ್ಲ, ಆ ನಷ್ಟ ಪ್ರತಿ ಸಲದ್ದು.

“ಮಳೆ ಜಾಸ್ತಿ, ಎಂತ ಮಾಡುದು?” ಅಂತ ಗುತ್ತಿಗೆದಾರರು ಕೈತೊಳೆದುಕೊಂಡರು. ನಮ್ಮ ನೆರೆಕರೆಯಲ್ಲಿ ರಸ್ತೆ ಕೆಲಸ ಮಾಡಿಸಿ ನಿವೃತ್ತರಾದ ಇಂಜಿನಿಯರೊಬ್ಬರಿದ್ದಾರೆ. ಅವರನ್ನು ಕರೆದುಕೊಂಡು ಹೋಗಿ ತೋರಿಸಿದೆ. ಅವರು ಹೊಂಡದ ಬದಿಯಲ್ಲಿ ಕುಕ್ಕರಗಾಲಲ್ಲಿ ಕೂತು ಒಂದು ಜಲ್ಲಿ ಹೆಕ್ಕಿದರು.

“ನೋಡಿ ಮಾರಾಯ್ರೇ, ಕಲ್ಲು ತೊಳೆದಿಟ್ಟ ಹಾಗೆ ಉಂಟು. ಇದರಲ್ಲಿ ಡಾಮರು ಎಲ್ಲಿ?”

ಹೌದು, ಹೊಸ ರಸ್ತೆಯ ಜಲ್ಲಿಗೆ ಡಾಮರಿನ ಕಲೆ ಕೂಡ ಸರಿಯಾಗಿ ಇರಲಿಲ್ಲ. “ನೀವು ಕೊಳೆರೋಗಕ್ಕೆ ಮದ್ದು ಬಿಡುವಾಗ ರಾಳ-ಸೋಡ ಯಾಕೆ ಹಾಕ್ತೀರಿ?” ಅಂತ ಕೇಳಿದರು. ಬೋರ್ಡೋ ಗೊನೆಯಲ್ಲಿ ಅಂಟಿ ನಿಲ್ಲಬೇಕು, ಮಳೆಗೆ ತೊಳೆದು ಹೋಗಬಾರದು, ಅದಕ್ಕೆ ಅಂದೆ. “ಇದೂ ಅದೇ ಕಥೆ. ಡಾಮರು ಕಲ್ಲಿಗೆ ಅಂಟಿ ನಿಲ್ಲಬೇಕು. ನಮ್ಮ ಊರಲ್ಲಿ ರಸ್ತೆ ಹಾಳಾಗುವುದು ಲಾರಿಯಿಂದ ಅಲ್ಲ, ಅಂಟು ಬಿಟ್ಟು.”

ಆ ಮಾತು ತಲೆಯಲ್ಲಿ ಕೂತಿತು. ಅಲ್ಲಿಂದ ಇಲ್ಲಿಯವರೆಗೆ ಕೇಳಿ, ಓದಿ ತಿಳಿದದ್ದನ್ನು ಇಲ್ಲಿ ಕೊಡುತ್ತಿದ್ದೇನೆ.

ಕಲ್ಲಿಗೆ ನೀರೇ ಇಷ್ಟ

ಡಾಮರು ರಸ್ತೆಯೆಂದರೆ ಹೆಚ್ಚಿನ ಪಾಲು ಕಲ್ಲೇ. 100 ಕಿಲೋ ಮಿಶ್ರಣದಲ್ಲಿ ಸುಮಾರು 95 ಕಿಲೋ ಜಲ್ಲಿ ಮತ್ತು ಪುಡಿ, 5 ಕಿಲೋದಷ್ಟು ಮಾತ್ರ ಡಾಮರು. ಈ ಡಾಮರಿನ ಸರಿಯಾದ ಹೆಸರು ಬಿಟುಮೆನ್. ಕಚ್ಚಾ ತೈಲದಿಂದ ಪೆಟ್ರೋಲು, ಸೀಮೆಎಣ್ಣೆ, ಡೀಸೆಲ್ ಎಲ್ಲ ತೆಗೆದ ಮೇಲೆ ಅಡಿಯಲ್ಲಿ ಉಳಿಯುವ ಜಿಗುಟು ಅದು. ನಮ್ಮ ಜಿಲ್ಲೆಯಲ್ಲೇ, ಸುರತ್ಕಲ್ ಹತ್ತಿರದ ಎಂಆರ್‌ಪಿಎಲ್‌ನಲ್ಲಿ ಅದು ತಯಾರಾಗುತ್ತದೆ. ಜಲ್ಲಿಯೂ ನಮ್ಮದೇ ಕೋರೆಗಳದ್ದು. ಹಾಗಾದರೆ ತಪ್ಪುವುದೆಲ್ಲಿ?

ಕಗ್ಗಲ್ಲಿನ ಗುಣವೇ ಹಾಗೆ. ಅದರಲ್ಲಿ ಸಿಲಿಕಾ ಅಂಶ ಇರುತ್ತದೆ. ಅಂಥ ಕಲ್ಲಿಗೆ ಡಾಮರಿಗಿಂತ ನೀರಿನ ಮೇಲೆ ಹೆಚ್ಚು ಪ್ರೀತಿ. ಸಣ್ಣ ಸಂದಿನಿಂದ ನೀರು ಇಳಿದರೆ ಕಲ್ಲು ಮತ್ತು ಡಾಮರಿನ ನಡುವೆ ತೂರಿಕೊಳ್ಳುತ್ತದೆ. ಮೇಲಿಂದ ಚಕ್ರ ಒತ್ತಿದಾಗ ಒಳಗಿನ ನೀರು ಪಂಪು ಮಾಡಿದ ಹಾಗೆ ಅತ್ತಿತ್ತ ನುಗ್ಗಿ ಡಾಮರನ್ನು ಸುಲಿಯುತ್ತದೆ. ಒಂದು ಕಲ್ಲು ಎದ್ದರೆ ಪಕ್ಕದ್ದಕ್ಕೆ ಆಸರೆ ಇಲ್ಲ. ಹೊಂಡ ಹುಟ್ಟುವುದು ಹೀಗೆ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ, ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ ಸುರಿಯುವ ನಮ್ಮ ಊರಲ್ಲಿ ಈ ಕೆಲಸಕ್ಕೆ ನೀರಿಗೆ ಬೇಕಾದಷ್ಟು ಪುರುಸೊತ್ತು.

ಇನ್ನೊಂದು ಕಾರಣ ಬಿಸಿಲು. ಗಾಳಿ-ಬಿಸಿಲಿಗೆ ಡಾಮರಿನ ಜಿಗುಟು ಹೋಗಿ ವರ್ಷದಿಂದ ವರ್ಷಕ್ಕೆ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಕುದಿಸುವಾಗ ಉರಿ ಜಾಸ್ತಿಯಾದರೆ ರಸ್ತೆಗೆ ಬೀಳುವ ಮೊದಲೇ ಅದಕ್ಕೆ ಮುದಿತನ ಬರುತ್ತದೆ. ಬೆಲ್ಲದ ಪಾಕ ಹದ ಮೀರಿದರೆ ಏನಾಗುತ್ತದೆ ಅಂತ ಮನೆಯ ಹೆಂಗಸರನ್ನು ಕೇಳಿ, ಅಷ್ಟೇ ಸಂಗತಿ.

ಹೆದ್ದಾರಿಯವರು ಇದಕ್ಕೆ ಕಾಂಕ್ರೀಟಿನ ದಾರಿ ಹಿಡಿದರು. ಶಿರಾಡಿ ಘಾಟಿ ಡಾಮರಿನಿಂದ ಕಾಂಕ್ರೀಟಿಗೆ ಬದಲಾದದ್ದು ನಮಗೆಲ್ಲ ಗೊತ್ತು. ಹಳ್ಳಿಯಲ್ಲೂ ಏರು ಇರುವಲ್ಲಿ ಕಾಂಕ್ರೀಟು ಹಾಕುವುದು ರೂಢಿಯಾಗಿದೆ. ಆದರೆ ಎಲ್ಲ ಕಡೆ ಹಾಕಲು ಅನುದಾನ ಸಾಕಾಗದು. ನಮ್ಮ ಪಾಲಿಗೆ ಡಾಮರೇ ಗತಿ ಅಂತಾದರೆ ಡಾಮರಿನ ಅಂಟು ಗಟ್ಟಿ ಮಾಡುವ ದಾರಿಗಳು ಯಾವುವು?

ತೊಟ್ಟೆಯ ಲೇಪ

ಮೊದಲನೆಯದು ಪ್ಲಾಸ್ಟಿಕ್. ಹಾಲಿನ ತೊಟ್ಟೆ, ಅಂಗಡಿ ತೊಟ್ಟೆಗಳನ್ನು ಸಣ್ಣ ಚೂರು ಮಾಡಿ ಡಾಮರು ಮಿಶ್ರಣಕ್ಕೆ ಸೇರಿಸುವ ವಿಧಾನ ದಕ್ಷಿಣ ಭಾರತದಲ್ಲೇ ಬೆಳೆದದ್ದು. ಮಧುರೆಯ ತ್ಯಾಗರಾಜರ್ ಇಂಜಿನಿಯರಿಂಗ್ ಕಾಲೇಜಿನ ರಸಾಯನಶಾಸ್ತ್ರ ಪ್ರಾಧ್ಯಾಪಕ ಆರ್. ವಾಸುದೇವನ್ ಇದನ್ನು ರೂಪಿಸಿದವರು. ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಹೆಚ್ಚುಕಮ್ಮಿ ಅದೇ ಕಾಲದಲ್ಲಿ ಬೆಂಗಳೂರಿನಲ್ಲಿ ಪ್ಲಾಸ್ಟಿಕ್ ಚೀಲದ ವ್ಯಾಪಾರದಲ್ಲಿದ್ದ ಅಹಮದ್ ಖಾನ್ ಮತ್ತು ರಸೂಲ್ ಖಾನ್ ಸಹೋದರರು ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಪರೀಕ್ಷೆ ಮಾಡಿಸಿ, 2002ರಿಂದ ಅಲ್ಲಿಯ ಬೀದಿಗಳಿಗೆ ಪ್ಲಾಸ್ಟಿಕ್ ಸೇರಿಸಿದ ಡಾಮರು ಹಾಕಿಸತೊಡಗಿದರು.

ವಿಧಾನ ಸರಳ. ಜಲ್ಲಿಯನ್ನು ಸುಮಾರು 160-170 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಬೇಕು. ಕಾದ ಜಲ್ಲಿಯ ಮೇಲೆ ಎರಡು-ಮೂರು ಮಿಲಿಮೀಟರಿನ ಪ್ಲಾಸ್ಟಿಕ್ ಚೂರು ಉದುರಿಸಿದರೆ ಅರ್ಧ-ಒಂದು ನಿಮಿಷದಲ್ಲಿ ಕರಗಿ ಕಲ್ಲಿನ ಮೈಗೆ ತೆಳುವಾಗಿ ಹಿಡಿದುಕೊಳ್ಳುತ್ತದೆ. ಡಾಮರು ಹಾಕುವುದು ಆಮೇಲೆ. ಡಾಮರೂ ತೈಲದಿಂದ ಬಂದದ್ದು, ಪ್ಲಾಸ್ಟಿಕ್ಕೂ ತೈಲದಿಂದ ಬಂದದ್ದು, ಎರಡಕ್ಕೂ ಹೊಂದಿಕೆ ಚೆನ್ನಾಗಿ ಆಗುತ್ತದೆ. ಕಲ್ಲಿನ ಸಣ್ಣ ತೂತುಗಳೂ ಮುಚ್ಚುವುದರಿಂದ ನೀರಿಗೆ ಜಾಗ ಕಡಿಮೆ. ಮೊದಲು ಜಲ್ಲಿಗೆ, ಆಮೇಲೆ ಡಾಮರು ಎಂಬ ಈ ಕ್ರಮಕ್ಕೆ ಒಣ ವಿಧಾನ ಅಂತ ಹೆಸರು.

ಇಂಡಿಯನ್ ರೋಡ್ಸ್ ಕಾಂಗ್ರೆಸ್ 2013ರಲ್ಲಿ ಈ ವಿಧಾನಕ್ಕೆ ಮಾರ್ಗಸೂಚಿ ಪ್ರಕಟಿಸಿತು. ಅದರ ಪ್ರಕಾರ ಪ್ಲಾಸ್ಟಿಕ್ಕಿನ ಪ್ರಮಾಣ ಡಾಮರಿನ ತೂಕದ ಶೇಕಡಾ 6ರಿಂದ 8. ಕೇಂದ್ರದ ರಸ್ತೆ ಸಾರಿಗೆ ಸಚಿವಾಲಯವು 2015ರ ನವೆಂಬರದಲ್ಲಿ, 5 ಲಕ್ಷಕ್ಕೆ ಮೇಲ್ಪಟ್ಟ ಜನಸಂಖ್ಯೆಯ ಪಟ್ಟಣಗಳ ಸುತ್ತ 50 ಕಿ.ಮೀ. ಒಳಗೆ ಹೆದ್ದಾರಿಗಳ ಮೇಲ್ಪದರಕ್ಕೆ ತ್ಯಾಜ್ಯ ಪ್ಲಾಸ್ಟಿಕ್ ಬಳಸುವುದನ್ನೇ ಸಾಮಾನ್ಯ ಕ್ರಮ ಮಾಡಬೇಕೆಂದು ಸುತ್ತೋಲೆ ಕಳಿಸಿತು. ಸುತ್ತಲಿನ ಊರುಗಳನ್ನು ಸೇರಿಸಿದರೆ 2011ರ ಜನಗಣತಿಯಲ್ಲೇ ಮಂಗಳೂರು 6 ಲಕ್ಷ ದಾಟಿತ್ತು. ಮಾಣಿ ಅಲ್ಲಿಂದ 50 ಕಿ.ಮೀ. ಒಳಗೇ ಉಂಟು. ಸುತ್ತೋಲೆ ಇರುವುದು ಹೆದ್ದಾರಿಗೆ, ನಿಜ. ಹೆದ್ದಾರಿಗೆ ಆಗುವುದು ನಮ್ಮ ರಸ್ತೆಗೆ ಯಾಕೆ ಆಗಬಾರದು ಅಂತ ಕೇಳಲು ನಮಗೆ ಹಕ್ಕಿದೆ.

ಒಂದು ಲೆಕ್ಕ ಹಾಕಿ ನೋಡೋಣ. 1 ಕಿಲೋಮೀಟರ್ ಉದ್ದ, 3 ಮೀಟರ್ ಅಗಲ, ಎರಡೂವರೆ ಸೆಂಟಿಮೀಟರ್ ದಪ್ಪದ ಮೇಲ್ಪದರಕ್ಕೆ 75 ಘನಮೀಟರ್, ಅಂದರೆ ಸುಮಾರು 170 ಟನ್ ಮಿಶ್ರಣ ಬೇಕು. ಅದರಲ್ಲಿ ಡಾಮರು ಎಂಟೂವರೆ ಟನ್. ಪ್ಲಾಸ್ಟಿಕ್ 500ರಿಂದ 700 ಕಿಲೋ. ತೊಟ್ಟೆ ಹಗುರ, 500 ಕಿಲೋ ಅಂದರೆ ದೊಡ್ಡ ರಾಶಿಯೇ ಆಗುತ್ತದೆ. ಮನೆಮನೆಯಿಂದ ಪಂಚಾಯತ್ ವಾಹನಕ್ಕೆ ಹೋಗುವ ಒಣ ಕಸದಲ್ಲಿ ಈ ರಾಶಿ ಖಂಡಿತ ಇದೆ. ಕೊರತೆ ಇರುವುದು ಬೇರೆ ಮಾಡಿ, ತೊಳೆದು, ಒಣಗಿಸಿ, ಚೂರು ಮಾಡುವ ವ್ಯವಸ್ಥೆಯದ್ದು.

ತೋಟದ ಪ್ಲಾಸ್ಟಿಕ್ಕಿನಲ್ಲಿ ಯಾವುದು ಆದೀತು?

“ಹಾಗಾದರೆ ನಮ್ಮಲ್ಲಿರುವುದನ್ನೆಲ್ಲ ಕೊಟ್ಟುಬಿಡೋಣ” ಅಂತ ಹೊರಡಬೇಡಿ. ಎಲ್ಲ ಪ್ಲಾಸ್ಟಿಕ್ ಒಂದೇ ಅಲ್ಲ.

ಆಗುವಂಥದ್ದು: ಹಾಲಿನ ತೊಟ್ಟೆ, ಅಂಗಡಿ ಸಾಮಾನಿನ ತೆಳು ತೊಟ್ಟೆ, ಬಟ್ಟೆ ಸುತ್ತಿ ಬರುವ ಪಾರದರ್ಶಕ ಹಾಳೆ. ದಪ್ಪ 60 ಮೈಕ್ರಾನಿನ ಒಳಗಿದ್ದರೆ ಸುಲಭವಾಗಿ ಕರಗುತ್ತದೆ. ಸ್ವಚ್ಛ ಇರಬೇಕು, ಪೂರಾ ಒಣಗಿರಬೇಕು.

ಆಗದ್ದು: ಪಿವಿಸಿ. ನೀರಾವರಿಯ ಒಡೆದ ಪೈಪು, ಬೆಂಡು, ಸಾಕೆಟ್ಟು ಎಲ್ಲ ಇದೇ ಜಾತಿ. ಕಾದರೆ ಇದರಿಂದ ಹೈಡ್ರೋಕ್ಲೋರಿಕ್ ಆಮ್ಲದ ಹಬೆ ಬರುತ್ತದೆ, ಕೆಲಸದವರ ಕಣ್ಣು-ಗಂಟಲಿಗೆ ಅಪಾಯ. ಮಾರ್ಗಸೂಚಿಯಲ್ಲಿ ಪಿವಿಸಿಗೆ ಸ್ಪಷ್ಟ ನಿಷೇಧ ಇದೆ.

ಕಪ್ಪು ಪ್ಲಾಸ್ಟಿಕ್ ಕೂಡ ಬೇಡ ಎನ್ನುತ್ತಾರೆ. ಮತ್ತೆ ಮತ್ತೆ ಕರಗಿಸಿ ಸತ್ವ ಕಳೆದುಕೊಂಡದ್ದು ಅದು. ಹಾಗಾಗಿ ನರ್ಸರಿಯ ಕಪ್ಪು ತೊಟ್ಟೆ ಲೆಕ್ಕಕ್ಕೆ ಬರುವುದಿಲ್ಲ. ಮೈಲುತುತ್ತು, ಕೀಟನಾಶಕ, ಕಳೆನಾಶಕದ ಪುಡಿ ಅಂಟಿದ ಯಾವ ಚೀಲವನ್ನೂ ಬೇರೆ ಪ್ಲಾಸ್ಟಿಕ್ಕಿನೊಂದಿಗೆ ಬೆರೆಸಬೇಡಿ.

ಇನ್ನೊಂದು ಎಚ್ಚರಿಕೆ. ರಸ್ತೆ ಬದಿಯಲ್ಲಿ ಸೌದೆ ಉರಿ ಹಾಕಿ ಡ್ರಮ್ಮಿನಲ್ಲಿ ಡಾಮರು ಕಾಯಿಸುವಲ್ಲಿ ಪ್ಲಾಸ್ಟಿಕ್ ಸೇರಿಸಲು ಬಿಡಬೇಡಿ. ಅಲ್ಲಿ ಶಾಖದ ಅಂದಾಜು ಇರುವುದಿಲ್ಲ. ಶಾಖ ಹದ ಮೀರಿದರೆ ಪ್ಲಾಸ್ಟಿಕ್ ಕರಗುವ ಬದಲು ಕೆಟ್ಟು ವಿಷಗಾಳಿ ಬಿಡುತ್ತದೆ. ಶಾಖ ಅಳೆಯುವ ಮೀಟರಿರುವ ಮಿಶ್ರಣ ಘಟಕದಲ್ಲಿ ಮಾತ್ರ ಇದು ಸರಿಯಾಗುವ ಕೆಲಸ.

ರಸ್ತೆ ಸವೆದು ಪ್ಲಾಸ್ಟಿಕ್ಕಿನ ನುಣ್ಣನೆ ಪುಡಿ ತೋಡಿಗೆ, ತೋಟಕ್ಕೆ ಇಳಿದರೆ ಏನು ಎಂಬ ಪ್ರಶ್ನೆಯನ್ನು ವಿಜ್ಞಾನಿಗಳು ಎತ್ತಿದ್ದಾರೆ. ರಸ್ತೆಯ ನೀರು ತೋಟಕ್ಕೇ ಇಳಿಯುವ ನಾವು ಅದನ್ನು ಮರೆಯಬಾರದು. ಎದ್ದುಹೋಗುವ ರಸ್ತೆಗೆ ಪ್ಲಾಸ್ಟಿಕ್ ಸೇರಿಸಿದರೆ ಕಸವನ್ನು ತೋಟಕ್ಕೆ ಹಂಚಿದ ಹಾಗೆ. ಗಟ್ಟಿಯಾಗಿ ಕೂರುವ ಕೆಲಸವಾದರೆ ಮಾತ್ರ ಇದರಿಂದ ಲಾಭ.

ನಾರಿನ ಬಲ

ಗೋಡೆಗೆ ಮೆತ್ತುವ ಮಣ್ಣಿಗೆ ಹಿರಿಯರು ಬೈಹುಲ್ಲಿನ ಚೂರು ಸೇರಿಸುತ್ತಿದ್ದರು. ಬಿರುಕು ಬಿಡಬಾರದು, ಹಸಿ ಮಣ್ಣು ಜಾರಬಾರದು ಎಂದು. ಡಾಮರಿಗೆ ನಾರು ಸೇರಿಸುವುದೂ ಹಾಗೆಯೇ.

1960ರ ದಶಕದಲ್ಲಿ ಜರ್ಮನಿಯವರು ಒಂದು ಹೊಸ ಮಿಶ್ರಣ ಮಾಡಿದರು. ದೊಡ್ಡ ಜಲ್ಲಿ ಹೆಚ್ಚು, ನಡು ಗಾತ್ರದ್ದು ಕಡಿಮೆ, ಡಾಮರು ಮಾಮೂಲಿಗಿಂತ ಜಾಸ್ತಿ. ಕಲ್ಲಿಗೆ ಕಲ್ಲು ತಾಗಿ ಭಾರ ಹೊರುತ್ತದೆ, ದಪ್ಪ ಡಾಮರು ಸಂದು ತುಂಬುತ್ತದೆ. ಇದಕ್ಕೆ ಸ್ಟೋನ್ ಮ್ಯಾಟ್ರಿಕ್ಸ್ ಅಸ್ಫಾಲ್ಟ್ ಎನ್ನುತ್ತಾರೆ. ಆದರೆ ಡಾಮರು ಇಷ್ಟು ಹೆಚ್ಚಾದರೆ ಲಾರಿಯಲ್ಲಿ ತರುವಾಗಲೇ ಸೋರಿ ಅಡಿಗೆ ಇಳಿಯುತ್ತದೆ. ಹಾಗೆ ಸೋರದಂತೆ ಹಿಡಿಯಲು ಸೇರಿಸಿದ್ದೇ ನಾರು. ಪ್ರಮಾಣ ಬಹಳ ಸಣ್ಣದು, 1000 ಕಿಲೋ ಮಿಶ್ರಣಕ್ಕೆ 3 ಕಿಲೋ. ನಮ್ಮ ದೇಶದಲ್ಲಿ ಇಂಡಿಯನ್ ರೋಡ್ಸ್ ಕಾಂಗ್ರೆಸ್ 2008ರಲ್ಲಿ ಇದಕ್ಕೆ ತಾತ್ಕಾಲಿಕ ನಿಯಮಾವಳಿ ತಂದಿತು. ಅದರಲ್ಲಿ ಹೇಳಿದ್ದು ಸೆಲ್ಯುಲೋಸ್ ನಾರು.

ಆ ನಾರಿನ ಬದಲು ನಮ್ಮ ತೆಂಗಿನ ನಾರು ಆಗದೇ? ಕೊಚ್ಚಿ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದವರು ತೆಂಗು, ಬಾಳೆ, ಕತ್ತಾಳೆ ಈ ಮೂರರ ನಾರನ್ನೂ ಪರೀಕ್ಷಿಸಿ ನೋಡಿದ್ದಾರೆ. ಅವರಿಗೆ ತೆಂಗಿನ ನಾರು ಒಳ್ಳೆ ಫಲ ಕೊಟ್ಟಿತು, ಅದೂ ಅದೇ 1000ಕ್ಕೆ 3ರ ಪ್ರಮಾಣದಲ್ಲಿ. ತೆಂಗಿನ ನಾರಿನಲ್ಲಿ ಲಿಗ್ನಿನ್ ಅಂಶ ಹೆಚ್ಚು. ಸಿಪ್ಪೆಯನ್ನು ತಿಂಗಳುಗಟ್ಟಲೆ ನೀರಲ್ಲಿ ಹುಗಿದರೂ ನಾರು ಕೊಳೆಯದೆ ಉಳಿಯುವುದು ಇದರಿಂದಲೇ.

ಅಡಿಕೆ ಸಿಪ್ಪೆಯ ಪಾಲೆಷ್ಟು?

ನಮ್ಮ ಅಂಗಳದಲ್ಲಿ ವರ್ಷವೂ ರಾಶಿ ಬೀಳುವುದು ಅಡಿಕೆ ಸಿಪ್ಪೆ. ಒಲೆಗೆ ಹಾಕುತ್ತೇವೆ, ತೋಟಕ್ಕೆ ಹರಡುತ್ತೇವೆ, ಉಳಿದದ್ದು ಮೂಲೆಯಲ್ಲಿ ಕೊಳೆಯುತ್ತದೆ. ಅಡಿಕೆ ನಾರು ತೆಂಗಿನದಕ್ಕಿಂತ ಮೆತ್ತಗೆ. ಹೆಚ್ಚು ನೀರು ಕುಡಿಯುತ್ತದೆ, ಬೇಗ ಕೊಳೆಯುತ್ತದೆ. ಹಾಗಾಗಿ ಹಸಿಯಾಗಿ ತಂದು ಡಾಮರಿಗೆ ಸುರಿಯುವ ವಸ್ತು ಅದಲ್ಲ.

ಆದರೆ ರಸ್ತೆಯ ಅಡಿಯ ಮಣ್ಣಿಗೆ? ಇದನ್ನು ಮಾಡಿ ನೋಡಿದವರು ನಮ್ಮ ಸುರತ್ಕಲ್ಲಿನ ಎನ್‌ಐಟಿಕೆಯವರು. ಮೊದಲು ಕೆಆರ್‌ಇಸಿ ಅಂತ ನಾವು ಕರೆಯುತ್ತಿದ್ದ ಕಾಲೇಜು ಅದು. ಅಲ್ಲಿಯ ಪ್ರಾಧ್ಯಾಪಕ ಎ.ಯು. ರವಿಶಂಕರ್ ಅವರ ತಂಡ ಮುರಮಣ್ಣಿಗೆ ಅಡಿಕೆ ನಾರು ಮತ್ತು ಸ್ವಲ್ಪ ಸಿಮೆಂಟು ಸೇರಿಸಿ, ವಾಹನ ಕಡಿಮೆ ಓಡಾಡುವ ರಸ್ತೆಗೆ ಅದು ಹೇಗೆ ಎಂದು ಪರೀಕ್ಷಿಸಿತು. ಅಧ್ಯಯನ 2015ರಲ್ಲಿ ಪ್ರಕಟವಾಯಿತು. ನಾರು ಮಣ್ಣನ್ನು ಹಿಡಿದಿಡುತ್ತದೆ, ಸಿಮೆಂಟು ನೀರಿಗೆ ಕರಗದಂತೆ ಕಟ್ಟುತ್ತದೆ. ನಮ್ಮ ಮಣ್ಣು, ನಮ್ಮ ಸಿಪ್ಪೆ, ನಮ್ಮಂಥದ್ದೇ ಹಳ್ಳಿ ರಸ್ತೆ. ಪ್ರಯೋಗಾಲಯ ಇಲ್ಲಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರ.

ಎಷ್ಟು ಸಿಪ್ಪೆ ಖರ್ಚಾದೀತು? ಮೇಲೆ ಹೇಳಿದ 1 ಕಿ.ಮೀ. ಮೇಲ್ಪದರದ 170 ಟನ್ ಮಿಶ್ರಣಕ್ಕೆ ತೆಂಗಿನ ನಾರು ಹಾಕಿದರೂ ಬೇಕಾಗುವುದು 510 ಕಿಲೋ. ಒಂದು ಪಿಕಪ್ ಹೊರುವ ಭಾರ ಅಷ್ಟೇ. ಅದೇ ಅಡಿಯ ಮಣ್ಣಿಗಾದರೆ, 15 ಸೆಂ.ಮೀ. ದಪ್ಪಕ್ಕೆ 450 ಘನಮೀಟರ್, ಸುಮಾರು 800 ಟನ್ ಮಣ್ಣು. 100 ಕಿಲೋ ಮಣ್ಣಿಗೆ ಅರ್ಧ ಕಿಲೋ ನಾರು ಅಂತ ಹಿಡಿದರೆ 4 ಟನ್ ಆಯಿತು. ಅಡಿಕೆ ಸಿಪ್ಪೆಗೆ ನಾಳೆಯೇ ರೇಟು ಬರುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಸಿಪ್ಪೆಯಿಂದ ದುಡ್ಡಲ್ಲ, ಅದರಿಂದ ರಸ್ತೆ ಬಾಳಿದರೆ ಉಳಿಯುವ ಬಾಡಿಗೆ ನಮ್ಮ ಲಾಭ.

ತೆಂಗಿನ ನಾರಿನ ಚಾಪೆಗೆ ಮಾತ್ರ ಸರಕಾರದ ಬಾಗಿಲು ತೆರೆದಿದೆ. 2020ರಲ್ಲಿ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ಮೂರನೇ ಹಂತದಲ್ಲಿ ರಸ್ತೆಯ ಅಡಿಗೆ ತೆಂಗಿನ ನಾರಿನ ಚಾಪೆ ಹಾಸಲು ಒಪ್ಪಿಗೆ ಸಿಕ್ಕಿತು. ಮೆತ್ತಗಿನ ನೆಲದಲ್ಲಿ ಜಲ್ಲಿ ಕೆಳಗಿನ ಮಣ್ಣಿಗೆ ಹುಗಿಯದಂತೆ ಇದು ತಡೆಯುತ್ತದೆ. ಆಗ ಪ್ರಕಟಿಸಿದ 7 ರಾಜ್ಯಗಳ 1674 ಕಿ.ಮೀ. ಪಟ್ಟಿಯಲ್ಲಿ ಕೇರಳ, ತಮಿಳುನಾಡು, ಆಂಧ್ರ, ತೆಲಂಗಾಣ, ಮಹಾರಾಷ್ಟ್ರ ಎಲ್ಲ ಇದ್ದವು, ಕರ್ನಾಟಕ ಇರಲಿಲ್ಲ. ಇಷ್ಟು ತೆಂಗು ಬೆಳೆಯುವ ನಾವು ಕೇಳಲಿಲ್ಲವೋ, ನಮ್ಮ ಪರವಾಗಿ ಕೇಳುವವರು ಕೇಳಲಿಲ್ಲವೋ?

ರಬ್ಬರ್, ಸುಣ್ಣ

ಬೆಳ್ತಂಗಡಿ, ಸುಳ್ಯ ಕಡೆಯ ರಬ್ಬರ್ ಬೆಳೆಗಾರರಿಗೂ ಇಲ್ಲೊಂದು ಮಾತಿದೆ. ಡಾಮರಿಗೆ ರಬ್ಬರ್ ಸೇರಿಸಿದರೆ ಬಿಸಿಲಿಗೆ ಹರಿಯುವುದೂ ಚಳಿಗೆ ಬಿರಿಯುವುದೂ ಕಡಿಮೆ. ಹಳೆ ಟಯರಿನ ಪುಡಿ ಹಾಕುವುದು ಒಂದು ವಿಧ. ಮರದ ರಬ್ಬರನ್ನೇ ಹಾಕುವುದು ಇನ್ನೊಂದು ವಿಧ. ಎರಡಕ್ಕೂ 2004ರಲ್ಲೇ ಭಾರತೀಯ ಮಾನಕ ಬಂದಿತ್ತು. ಕೇರಳದಲ್ಲಿ ರಬ್ಬರ್ ಮಂಡಳಿ ಇದರ ಪರವಾಗಿ ಬಹುಕಾಲದಿಂದ ಹೇಳುತ್ತ ಬಂದಿದೆ.

ಎಲ್ಲಕ್ಕಿಂತ ಅಗ್ಗದ ಅಂಟು ನಮಗೆ ಗೊತ್ತಿರುವ ಸುಣ್ಣ. ಕಲ್ಲುಪುಡಿಯ ಬದಲಿಗೆ ಮಿಶ್ರಣದ ಶೇಕಡಾ 1ರಿಂದ 2ರಷ್ಟು ಅರಳಿದ ಸುಣ್ಣದ ಪುಡಿ ಸೇರಿಸಿದರೆ ಕಲ್ಲು-ಡಾಮರಿನ ಹಿಡಿತ ಗಟ್ಟಿಯಾಗುತ್ತದೆ. ಇದು ಹಳೆಯ, ಜಗತ್ತಿನ ಎಲ್ಲ ಕಡೆ ಒಪ್ಪಿದ ಉಪಾಯ. ಬೋರ್ಡೋಕ್ಕೆ ತಂದ ಸುಣ್ಣ ನೋಡಿದಾಗೆಲ್ಲ ಈಗ ನನಗೆ ರಸ್ತೆ ನೆನಪಾಗುತ್ತದೆ.

ಹಳೆ ಡಾಮರಿನ ಮೇಲೆ ಹೊಸತು ಬೇಡ

ಇದು ತೋಟ ಇರುವವರಿಗೆ ಬಹಳ ಮುಖ್ಯ. ಪ್ರತಿ ಸಲ ಹಳೆ ರಸ್ತೆಯ ಮೇಲೆಯೇ ಹೊಸ ಪದರ ಹಾಕುತ್ತ ಹೋದರೆ ರಸ್ತೆ ಏರುತ್ತದೆ, ನಮ್ಮ ಅಂಗಳ ತಗ್ಗುತ್ತದೆ. ನಮ್ಮ ತೋಟದ ಮೇಲ್ತುದಿಯಲ್ಲಿ ಹೀಗೇ ಆಯಿತು. ಮೊದಲು ತೋಟದ ಕಣಿಯ ನೀರು ರಸ್ತೆ ಬದಿಯ ಚರಂಡಿಗೆ ಹೋಗುತ್ತಿತ್ತು. ಈಗ ರಸ್ತೆಯ ನೀರು ತೋಟಕ್ಕೆ ಬರುತ್ತದೆ. ಆ ಸಾಲಿನ ಅಡಿಕೆ ಮರಗಳು ಬೇರು ಕೊಳೆತು ಹಳದಿಯಾದವು.

ಹಳೆ ಪದರವನ್ನು ಯಂತ್ರದಿಂದ ಕೆರೆದು ತೆಗೆದು, ಪುಡಿಮಾಡಿ, ಹೊಸ ಡಾಮರಿನೊಂದಿಗೆ ಸೇರಿಸಿ ಅಲ್ಲೇ ಹಾಕುವ ವಿಧಾನ ಇದೆ. ಕಲ್ಲು ಹಳೆಯದಾಗುವುದಿಲ್ಲ, ಮುದಿಯಾಗುವುದು ಡಾಮರು ಮಾತ್ರ. ಸ್ವಲ್ಪ ಮೆತ್ತಗಿನ ಹೊಸ ಡಾಮರು ಸೇರಿಸಿದರೆ ಹಳತಕ್ಕೂ ಜೀವ ಬರುತ್ತದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ 2015ರಲ್ಲಿ ಇದಕ್ಕೂ ಪದ್ಧತಿ ಬರೆದಿದೆ. ಉತ್ತರ ಪ್ರದೇಶದಲ್ಲಿ ಗ್ರಾಮ ಸಡಕ್ ರಸ್ತೆಗಳನ್ನು ಅಡಿಯವರೆಗೆ ಅಗೆದು, ಸಿಮೆಂಟು ಸೇರಿಸಿ ಅದೇ ಸಾಮಗ್ರಿಯಿಂದ ಮತ್ತೆ ಕಟ್ಟಿದ್ದಾರೆ. ಹೊಸ ಜಲ್ಲಿ ಕಡಿಮೆ ಸಾಕು, ಕೋರೆಯ ಕಾಟ ಕಡಿಮೆ, ರಸ್ತೆಯ ಎತ್ತರವೂ ಏರದು. ಒಂದು ಕಿಲೋಮೀಟರಿಗಾಗಿ ದೊಡ್ಡ ಯಂತ್ರ ಬರಲಿಕ್ಕಿಲ್ಲ. ಹತ್ತಾರು ರಸ್ತೆ ಒಟ್ಟಿಗೆ ಸೇರಿಸಿ ಟೆಂಡರು ಕರೆದರೆ ಬಂದೀತು.

ಮೊದಲು ಚರಂಡಿ, ಆಮೇಲೆ ತೊಟ್ಟೆ

ಇಷ್ಟೆಲ್ಲ ಕೇಳಿದ ಮೇಲೆ ಇಂಜಿನಿಯರರಲ್ಲಿ “ಹಾಗಾದರೆ ನಮ್ಮ ರಸ್ತೆಗೆ ಯಾವುದು ಹಾಕಬೇಕು?” ಅಂದೆ. ಅವರು ನಕ್ಕರು. “ಕಣಿ ಇಲ್ಲದ ತೋಟಕ್ಕೆ ಎಷ್ಟು ಗೊಬ್ಬರ ಹಾಕಿದರೆ ಎಂತ ಪ್ರಯೋಜನ?”

ಮಾತು ಅಲ್ಲಿಗೇ ನಿಲ್ಲುತ್ತದೆ. ರಾಳ-ಸೋಡ ಹಾಕಿದ ಬೋರ್ಡೋ ಕೂಡ ದಿನವಿಡೀ ನೀರಲ್ಲಿ ಮುಳುಗಿದ್ದರೆ ಉಳಿಯದು. ತೊಟ್ಟೆ, ನಾರು, ಸುಣ್ಣ ಯಾವುದು ಹಾಕಿದರೂ ರಸ್ತೆಯ ಮೇಲೆ ನೀರು ನಿಲ್ಲಬಾರದು, ಅಡಿಯಲ್ಲೂ ನಿಲ್ಲಬಾರದು. ಕೆಲಸಕ್ಕೆ ಮೊದಲು ಮತ್ತು ಕೆಲಸ ಆಗುವಾಗ ನಾವೇ ನೋಡಬಹುದಾದ ವಿಷಯಗಳು ಇಷ್ಟಿವೆ:

1. ರಸ್ತೆಯ ನಡು ಉಬ್ಬಿರಬೇಕು. ಹೆಚ್ಚು ಮಳೆಯ ಕಡೆ ಡಾಮರು ರಸ್ತೆಗೆ ಶೇಕಡಾ ಎರಡೂವರೆ ಇಳಿಜಾರು ಹೇಳುತ್ತಾರೆ. 3 ಮೀಟರ್ ಅಗಲದ ರಸ್ತೆಯಲ್ಲಿ ನಡು ಅಂಚಿಗಿಂತ ಸುಮಾರು 4 ಸೆಂ.ಮೀ. ಎತ್ತರ ಇರಬೇಕು. ಒಂದು ಹಗ್ಗ, ಮಟ್ಟ ನೋಡುವ ನೀರಿನ ಪೈಪು ಇದ್ದರೆ ಯಾರೂ ಅಳೆಯಬಹುದು.

2. ಚರಂಡಿಯ ಅಡಿ ರಸ್ತೆಯ ಜಲ್ಲಿ ಪದರಕ್ಕಿಂತ ತಗ್ಗಿನಲ್ಲಿರಬೇಕು. ಮನೆಗೆ ದಾರಿ ಮಾಡುವಾಗ ಚರಂಡಿಗೆ ಮಣ್ಣು ತುಂಬುವವರು ನಾವೇ. ಅಲ್ಲಿ ಮೋರಿ ಹಾಕಿಸೋಣ.

3. ಒದ್ದೆ ಜಲ್ಲಿಗೆ, ಧೂಳು ಮೆತ್ತಿದ ಜಲ್ಲಿಗೆ ಡಾಮರು ಹಿಡಿಯುವುದಿಲ್ಲ. ಮಳೆ ಹನಿಯುವಾಗ ಕೆಲಸ ಬೇಡ ಅಂತ ಗಟ್ಟಿಯಾಗಿ ಹೇಳಿ. “ಮಾರ್ಚಿಯೊಳಗೆ ಬಿಲ್ಲು ಆಗಬೇಕು” ಎಂಬ ಅವಸರ ಅವರದ್ದು, ರಸ್ತೆ ನಮ್ಮದು.

4. ಮಿಶ್ರಣ ಬಿಸಿಯಾಗಿರುವಾಗಲೇ ಹರಡಿ ರೋಲರ್ ಓಡಿಸಬೇಕು. ದೂರದಿಂದ ತಂದು ತಣಿದದ್ದು ಎಷ್ಟು ಒತ್ತಿದರೂ ಸಂದು ಬಿಡುತ್ತದೆ. ನೀಲಿ ಹೊಗೆ ಏಳುತ್ತಿದ್ದರೆ ಕಾದದ್ದು ಹೆಚ್ಚಾಯಿತು ಅಂತ ಅರ್ಥ.

5. ಒಂದು ಹಿಡಿ ಮಿಶ್ರಣವನ್ನು ತಣಿಸಿ ಗಾಜಿನ ಬಾಟಲಿಯಲ್ಲಿ ನೀರು ಹಾಕಿ ಒಂದು ದಿನ ಬೆಚ್ಚಗಿನ ಕಡೆ ಇಡಿ. ಪ್ರಯೋಗಾಲಯದಲ್ಲಿ ಇದೇ ಪರೀಕ್ಷೆಯನ್ನು 40 ಡಿಗ್ರಿ ನೀರಿನಲ್ಲಿ 24 ಗಂಟೆ ಮಾಡುತ್ತಾರೆ, ಕಲ್ಲಿನ ಮೈಯ 100ರಲ್ಲಿ 95 ಪಾಲು ಡಾಮರು ಉಳಿದಿರಬೇಕು. ನಮ್ಮ ಬಾಟಲಿ ಅಧಿಕೃತ ಅಲ್ಲ. ಆದರೆ ಕಲ್ಲು ಬೆತ್ತಲೆಯಾಗಿ ಕಂಡರೆ ಪರೀಕ್ಷೆ ಮಾಡಿಸಿ ಅಂತ ಕೇಳಲು ಧೈರ್ಯ ಬರುತ್ತದೆ.

6. ಅಂದಾಜು ಪಟ್ಟಿಯ ಪ್ರತಿ ಕೇಳಿ. ಮಾಹಿತಿ ಹಕ್ಕಿನಲ್ಲಿ ಸಿಗುತ್ತದೆ. ಗ್ರಾಮ ಸಡಕ್ ಯೋಜನೆಯ ರಸ್ತೆಯಾದರೆ 5 ವರ್ಷದ ನಿರ್ವಹಣೆ ಗುತ್ತಿಗೆದಾರರ ಹೊಣೆ. ಇದು ಗೊತ್ತಿಲ್ಲದೆ ನಾವು ಹೊಂಡಕ್ಕೆ ಕಲ್ಲುಮಣ್ಣು ತುಂಬುತ್ತ ಕೂತಿರುತ್ತೇವೆ.

7. ತೊಟ್ಟೆ, ಸುಣ್ಣ, ನಾರು ಸೇರಿಸುವ ಮಾತು ಗ್ರಾಮಸಭೆಯಲ್ಲಿ ಬರಲಿ. ಅಂದಾಜು ಪಟ್ಟಿ ಆಗುವ ಮೊದಲೇ ಬರಲಿ. ರೋಲರ್ ಬಂದ ಮೇಲೆ ಹೇಳಿದರೆ ಯಾರೂ ಕೇಳುವವರಿಲ್ಲ.

ನಮ್ಮ ರಸ್ತೆಯ ಕಥೆ ಮುಂದೇನಾಯಿತು ಅಂತ ಕೇಳುತ್ತೀರಿ. ಮುಂದಿನ ಬೇಸಗೆಯಲ್ಲಿ ಏಳು ಮನೆಯವರು ಸೇರಿ ಎರಡು ದಿನ ಚರಂಡಿ ಕಡಿದೆವು. ನನ್ನ ಗೇಟಿನ ಎದುರು ನಾನೇ ತುಂಬಿಸಿದ್ದ ಮಣ್ಣನ್ನು ಮೊದಲು ತೆಗೆದೆ. ಹೊಂಡಗಳಿಗೆ ತೇಪೆ ಹಾಕಿಸಿದ್ದು ಪಂಚಾಯತ್, ಅದೂ ಮಾಮೂಲಿ ಡಾಮರಿನಲ್ಲೇ. ಚರಂಡಿ ಸರಿಯಾದ ಕಡೆ ತೇಪೆಗಳು ಆ ಮಳೆಗಾಲ ದಾಟಿದವು. ಮೇಲಿನ ತಿರುವಿನಲ್ಲಿ ಒಬ್ಬರು ಚರಂಡಿಗೆ ಜಾಗ ಬಿಡಲು ಒಪ್ಪಲಿಲ್ಲ. ಅಲ್ಲಿಯದ್ದು ಆಟಿಯಲ್ಲೇ ಎದ್ದಿತು.

ಆ ಎದ್ದ ಜಲ್ಲಿಯಲ್ಲಿ ಒಂದನ್ನು ತಂದು ಚಾವಡಿಯ ಕಿಟಕಿಯಲ್ಲಿ ಇಟ್ಟಿದ್ದೇನೆ. ಮುಂದಿನ ಗ್ರಾಮಸಭೆಗೆ ಹೋಗುವಾಗ ಕಿಸೆಯಲ್ಲಿ ಕೊಂಡುಹೋಗಲಿಕ್ಕೆ.